ಬಾಗಿಲಿನ ಒಳಮೈ

ನಾಲ್ಕು ತೂತುಗಳು, ಬಾಗಿಲಿನ ಒಳಮೈಯಲ್ಲಿ, ನನ್ನ ಭುಜದ ಎತ್ತರಕ್ಕೆ, ಮೇಲೆರಡು ಕೆಳಗೆರಡು — ಚಿಲಕ ಇದ್ದ ಜಾಗ, ಈಗ ಇಲ್ಲ, ಹೊರಗಡೆ ಮಾತ್ರ ಉಂಟು, ಹತ್ತಿ ಬರುವಾಗಲೇ ನೋಡಿದ್ದೆ, ಹೊಸದು, ಬೆರಳು ದಪ್ಪದ್ದು. ದೊಡ್ಡಮ್ಮನ ಮಗಳು ಶರ್ಮಿಳಕ್ಕ ಅಡುಗೆಕೋಣೆಯಲ್ಲಿ ನಲ್ಲಿ ತಿರುಗಿಸುತ್ತಿದ್ದಾಳೆ, ನೀರು ಉಂಟು ನೋಡು ನಳಿನಿ, ಮನೆಯ ಯಜಮಾನ ಜಿತೇಂದ್ರಣ್ಣ ನಗುತ್ತಾನೆ, ಪರ್ಕಳದಲ್ಲಿ ಈ ಬಾಡಿಗೆಗೆ ಇಂಥ ಮನೆ ಎಲ್ಲಿ ಸಿಗ್ತದೆ ಹೇಳಿ. ಸಿಗಲಿಲ್ಲ, ಅದು ನಿಜ, ಎಷ್ಟು ಭಾನುವಾರ ಅಲೆದೆವು, ಗಂಡಸರು ಯಾರೂ ಇಲ್ವಾ ಎಂದು ಒಬ್ಬರು, ಊರು ಕೆಮ್ಮಣ್ಣಾ, ಹಾಗಾದರೆ ಮೀನು ಬೇಯಿಸ್ತೀರಿ ಎಂದು ಇನ್ನೊಬ್ಬರು, ಇವನು ಕೇಳಿದ್ದು ಒಂದೇ, ನೀವಿಬ್ಬರೇನಾ. ಎಂಟನೇ ಕ್ಲಾಸು ಬಿಟ್ಟ ವರ್ಷ ಅಮ್ಮನ ಜೊತೆ ಮಲ್ಪೆ ಬಂದರಿಗೆ ಹೋಗುತ್ತಿದ್ದೆ, ಬುಟ್ಟಿಯ ಮೇಲಿನ ಬಂಗುಡೆ ಮೀನು ನೋಡಬೇಡ, ಅದು ತೋರಿಸಲಿಕ್ಕೆ ಇಟ್ಟದ್ದು, ಕೈ ಹಾಕಿ ಅಡಿಯದ್ದನ್ನು ತೆಗೆ, ಅಮ್ಮ ಹೇಳುತ್ತಿದ್ದಳು, ಅದಕ್ಕೇ ಇವನು ನಲ್ಲಿ ತೋರಿಸಿದರೆ ನಾನು ನೆಲ ನೋಡುತ್ತೇನೆ, ಕೆಂಪು ನೆಲದ ಮೇಲೆ ಎರಡು ಬಿಳಿ ಗೀರು, ಕಿಟಕಿಯಿಂದ ಬಾಗಿಲವರೆಗೆ, ಒಂದು ಸಲದ್ದಲ್ಲ, ಮತ್ತೆ ಮತ್ತೆ ಏನನ್ನೋ ಎಳೆದದ್ದು, ಮಂಚ ಇರಬೇಕು. ನನ್ನ ಕಣ್ಣು ಮತ್ತೆ ಬಾಗಿಲಿಗೆ ಹೋಯಿತು, ಅಡುಗೆಕೋಣೆಯಿಂದ ಬಂದ ಅಕ್ಕನ ಕಣ್ಣೂ, ಇದಕ್ಕೆ ಒಳಗೆ ಚಿಲಕ ಇಲ್ವಾ ಅಣ್ಣ — ಅದಾ, ಮೊದಲು ಇದ್ದವಳು ಮಹಾಲಕ್ಷ್ಮಿ ಅಂತ, ಬಾಗಲಕೋಟೆ ಕಡೆಯವಳು, ಒಳಗಿಂದ ಚಿಲಕ ಹಾಕಿ ತಲೆತಿರುಗಿ ಬಿದ್ದಳು, ಬಾಗಿಲು ಒಡೀಬೇಕಾಯ್ತು ಮಾರಾಯ್ತಿ, ಅದಕ್ಕೇ ತೆಗೆಸಿದೆ, ನಿಮ್ಮ ಸೇಫ್ಟಿಗೇ, ಲಾಕ್ ಉಂಟಲ್ಲ, ಒಂದು ಕೀ ನಿಮಗೆ, ಒಂದು ನನ್ನ ಹತ್ತಿರ. ಒಡೆದ ಬಾಗಿಲಿಗೆ ಬಿರುಕು ಇರಬೇಕು, ಚೌಕಟ್ಟಿನಲ್ಲಿ ಒಂದು ಗಾಯವೂ ಇಲ್ಲ, ತೂತು ಮಾತ್ರ, ದುಂಡಗೆ, ಅವಸರವಿಲ್ಲದೆ ಸ್ಕ್ರೂ ಬಿಚ್ಚಿದ್ದು. ನಾವು ಹತ್ತಿ ಬರುವಾಗ ಕೆಳಗೆ ಬಟ್ಟೆ ಒಗೆಯುತ್ತಿದ್ದ ಕೆಲಸದ ಯಂಕವ್ವ, ಮ್ಯಾಲಿನ ಖೋಲಿಗೇನವಾ, ನಮ್ಮ ಮಹಾಲಕ್ಷ್ಮಿ ಚಪ್ಪಲಿ ಸೈತ ಹಾಕ್ಕೊಳ್ಳದ ಹೋದ್ಲು ನೋಡು ಎಂದವಳು ಇವನನ್ನು ಕಂಡು ಬಾಯಿ ಮುಚ್ಚಿ ಬಟ್ಟೆಯನ್ನು ಜೋರಾಗಿ ಕಲ್ಲಿಗೆ ಬಡಿದಳು.

ಇವಳಿಗೂ ಮಣಿಪಾಲದಲ್ಲಿ ಕೆಲಸವಾ, ಜಿತೇಂದ್ರಣ್ಣ ನನ್ನನ್ನು ನೋಡುತ್ತ ಅಕ್ಕನನ್ನು ಕೇಳುತ್ತಾನೆ, ಇಲ್ಲ ಅಣ್ಣ, ಹಾಸ್ಟೆಲ್ ಮೆಸ್ಸಿಗೆ ಹೋಗುವುದು ನಾನು, ಇವಳದ್ದು ಹೊಲಿಗೆ, ಹಗಲೆಲ್ಲ ಮನೆಯಲ್ಲೇ, ಇವಳ ಬಾಯಿಂದ ಮಾತು ಕೇಳಲಿಕ್ಕೆ ಟಿಕೆಟ್ ತೆಗೀಬೇಕು. ಇಬ್ಬರೂ ನಗುತ್ತಾರೆ. ಒಳ್ಳೆಯದೇ ಆಯ್ತು, ಗಲಾಟೆ ಇಲ್ಲದವರೇ ನನಗೆ ಬೇಕು. ಅಕ್ಕ ನನ್ನ ಕಡೆ ತಿರುಗುತ್ತಾಳೆ, ಎಂತ ನಳಿನಿ, ಆಗಬಹುದಲ್ವಾ, ಹೇಳು — ಬೇಡ ಅಕ್ಕ, ಬೇಡ, ನಾಲಿಗೆಯ ತುದಿವರೆಗೆ ಬಂದಿದೆ, ಅಕ್ಕನ ಕಾಲು ಊದಿದೆ, ಕೆಮ್ಮಣ್ಣಿನಿಂದ ಎರಡು ಬಸ್ಸು ನಿಂತೇ ಹೋಗುವವಳು, ನನ್ನ ಅಣ್ಣನ ಮದುವೆಯಾದ ಮೇಲೆ ನಮ್ಮ ಮನೆಯಲ್ಲಿ ನನ್ನ ಮಿಷನ್ನಿಗೂ ಜಾಗವಿಲ್ಲ, ಜಿತೇಂದ್ರಣ್ಣ ನನ್ನ ಬಾಯಿಯನ್ನೇ ನೋಡುತ್ತಿದ್ದಾನೆ, ಶಾಲೆಯಲ್ಲಿಯೂ ಉತ್ತರ ಗೊತ್ತಿದ್ದೂ ಸುಮ್ಮನೆ ನಿಂತಿರುತ್ತಿದ್ದೆ, ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ, ಅವನೆದುರು ಯಾಕೆಂದು ಹೇಗೆ ಹೇಳಲಿ — ಹೂಂ, ಆಗಬಹುದು. ಹೇಳಿದ್ದು ನಾನೇ. ಅಕ್ಕ ಕೀ ತೆಗೆದುಕೊಂಡಳು. ಮಿಷನ್ ಕಿಟಕಿಯ ಹತ್ತಿರ ಇಡಬೇಕು, ಬೆಳಕಿಗೆ, ಕಬ್ಬಿಣದ ಕಾಲು, ಒಬ್ಬಳಿಂದ ಎತ್ತಲಿಕ್ಕೆ ಆಗದು, ಎಳೆಯಲಿಕ್ಕೆ ಆದೀತು, ಅಕ್ಕ ಬಸ್ಸಿಗೆ ಹೋದ ಕೂಡಲೇ, ಆ ಗೀರುಗಳ ಮೇಲೆಯೇ, ಬಾಗಿಲವರೆಗೆ, ಅಡ್ಡಕ್ಕೆ — ಮಹಾಲಕ್ಷ್ಮಿಯೂ ಮಂಚವನ್ನು ಹಾಗೇ ಎಳೆದಿರಬೇಕು, ದಿನಾ, ಆಮೇಲೆ ಒಂದು ದಿನ ಚಪ್ಪಲಿ ಇಲ್ಲದೆ — ಮೇಲೆರಡು, ಕೆಳಗೆರಡು, ಕಿರುಬೆರಳು ಇಟ್ಟು ನೋಡುತ್ತೇನೆ, ನಾಲ್ಕು ತೂತುಗಳು.