ಗಾದೆಪ್ಪ ಮೊದಲು ಆಣೆ ಮಾಡಲಿ

ಎಲ್ಲಿಂದ ಶುರು ಮಾಡಲಿ? ಲ್ಯಾಟಿನ್ನಿನ ಒಂದು ಪದದಿಂದ ಅಂದರೆ ನೀವು ಪುಸ್ತಕ ಮುಚ್ಚುತ್ತೀರಿ. ಓಬಮ್ಮನ ಕುರಿಗಳಿಂದ ಅಂದರೆ ಇನ್ನೊಂದು ಹಳ್ಳಿ ಕಥೆ ಅನ್ನುತ್ತೀರಿ. ಎರಡನ್ನೂ ಹೊಡೆದುಹಾಕಿ ಮತ್ತೆ ಕೂತಿದ್ದೇನೆ. ಸೊಂಟ ನೋಯುತ್ತಿದೆ.

೧. ಪದ 'ಕಲುಮ್ನಿಯಾ'. ಡಿಕ್ಷನರಿ ಪ್ರಕಾರ ಮೋಸ, ಕುತಂತ್ರ, ಸುಳ್ಳು ಆಪಾದನೆ. (ಓಬಮ್ಮನ ಊರು ಚಿಗಟೇರಿಯಲ್ಲಿ ಇದಕ್ಕೆ ಪದವೇ ಬೇಕಿಲ್ಲ, ಚಹಾದಂಗಡಿ ಸಾಕು.)

೨. ಓಬಮ್ಮ ಕುರಿ ಸಾಕುವವಳು. ರಾತ್ರಿ ಅವಳ ಹಿಂಡು ರೈತರ ಹೊಲದಲ್ಲಿ ಮಲಗುತ್ತಿತ್ತು. ಹಿಕ್ಕೆಯ ಗೊಬ್ಬರಕ್ಕೆ ಪ್ರತಿಯಾಗಿ ಅವರು ಜೋಳ ಕೊಡುತ್ತಿದ್ದರು. ಗಾದೆಪ್ಪನೂ ಕುರಿಯವನೇ. ಆ ಹೊಲಗಳು ತನ್ನ ಹಿಂಡಿಗೆ ಸಿಗಲಿ ಎಂದು, ತನ್ನ ಮರಿಯನ್ನು ಓಬಮ್ಮ ಕದ್ದು, ಯಾರದೆಂದು ತಿಳಿಯದಂತೆ ಅದರ ಕಿವಿಯ ಗುರುತು ಕತ್ತರಿಸಿದಳೆಂದು ಊರೆಲ್ಲ ಸುಳ್ಳು ಹಬ್ಬಿಸಿದ. ಈಗ ಅವಳ ಹಿಂಡನ್ನು ಯಾರೂ ಹೊಲಕ್ಕೆ ಬಿಟ್ಟುಕೊಳ್ಳುತ್ತಿಲ್ಲ.

೩. ಗುಡಿಯಲ್ಲಿ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡು, ನಂಬುತ್ತೇವೆ ಎಂದರು ಊರ ಹಿರಿಯ ಪಾಲಾಕ್ಷಪ್ಪ. 'ಓಬಮ್ಮ ಅಳುತ್ತ ಅರಿಶಿನಪುಡಿಯ ತಟ್ಟೆಗೆ ಕೈಚಾಚಿದಳು' ಎಂದು ಬರೆದೆ. (ಒಳ್ಳೆಯ ವಾಕ್ಯವಾಗಿತ್ತು.)

ಓಬಮ್ಮ ಹಾಳೆಯೊಳಗಿಂದಲೇ ನನ್ನನ್ನು ತಡೆದಳು. "ಅಳೋದು ತೆಗೀರಿ ಅಕ್ಕಾರ. ಕಳ್ಳಿ ಅಂದಾಗ ಅಳಲಿಲ್ಲ, ಈಗ್ಯಾಕ ಅಳ್ಲಿ?"

ತೆಗೆದೆ. ಮತ್ತೆ ಪದದ ಬೆನ್ನು ಹತ್ತಿದೆ. ಹಳೆಯ ರೋಮಿನಲ್ಲಿ, ಇದು ಕಲುಮ್ನಿಯಾ ಅಲ್ಲವೆಂದು ದೂರು ತಂದವನಿಂದಲೇ ಪ್ರಮಾಣ ಮಾಡಿಸಬಹುದಿತ್ತಂತೆ. ಇದನ್ನು ಓಬಮ್ಮನಿಗೆ ಹೇಳಿಕೊಡಲು ಹೋದರೆ, ಅವಳು ರೋಮಿನ ಹಂಗಿಲ್ಲದೆ ಆಗಲೇ ಮಾತಾಡುತ್ತಿದ್ದಳು.

"ನಾ ಯಾಕ ಆಣಿ ಮಾಡ್ಲಿ ಪಾಲಾಕ್ಷಪ್ಪಾರ? ಕಳ್ಳತನ ಅಂದವ ಮೊದ್ಲು ಮುಟ್ಲಿ."

ಅಂಥ ರೂಢಿ ಇಲ್ಲವೆಂದು ಹಿರಿಯರು ಗೊಣಗಿದರು. ಆದರೂ ಎಲ್ಲರೂ ಗಾದೆಪ್ಪನತ್ತ ನೋಡಿದರು. ಅವನ ಕೈ ತಟ್ಟೆಯ ಮೇಲೆ ಬಂದು ನಿಂತಿತು.

೪. ಮುಕ್ತಾಯ ಒಂದು: ಅವನು ಮುಟ್ಟುತ್ತಾನೆ, ಸುಳ್ಳು ಗಟ್ಟಿಯಾಗುತ್ತದೆ. ಮುಕ್ತಾಯ ಎರಡು: ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಎರಡನೆಯದೇ ಇರಲಿ ಎಂದು ಪೆನ್ನು ಎತ್ತಿದೆ. ಓಬಮ್ಮ ನಕ್ಕಳು.

"ಕೈ ಹಿಂದಕ್ಕ ತಗಂಡ್ರ ನಾ ಹೆದರಿಸೀನಿ ಅಂತಾರ. ಮುಟ್ಟಿ ನಾಳಿ ಜ್ವರ ಬಂದ್ರ ಮಾಟ ಮಾಡ್ಸೀನಿ ಅಂತಾರ. ನಿಮ್ ಪದಕ್ಕ ಇದೂ ಅರ್ಥ ಐತೇನ್ರಿ?"

ಹುಡುಕಿದೆ. ಸಿಗಲಿಲ್ಲ. ಗಾದೆಪ್ಪ ತಪ್ಪೊಪ್ಪಿಕೊಳ್ಳುವ ಮೂರನೆಯ ಮುಕ್ತಾಯ ತೋರಿಸಿದೆ; ನನಗೇ ನಂಬಿಕೆ ಬರಲಿಲ್ಲ. ಅವಳು ಆಗಲೇ ಗುಡಿಯ ಮೆಟ್ಟಿಲಿಳಿದಿದ್ದಳು.

"ಅವನ ಕೈ ಅಲ್ಲೇ ಇರ್ಲಿ ಬಿಡ್ರಿ. ಹೊತ್ತು ಮುಳುಗಾಕತ್ತೈತಿ. ಇವತ್ತು ನನ್ ಕುರಿ ಯಾರ ಹೊಲದಾಗ ಮಲಗಬೇಕು, ಅದನ್ನ ಬರೀರಿ."

ಚಿಗಟೇರಿಯಿಂದ ಹಲವಾಗಲು ಊರಿನ ತನಕ ಹೊಲದವರ ಹೆಸರು ಒಂದೊಂದೇ ಬರೆದು ಹೊಡೆದುಹಾಕುತ್ತಿದ್ದೇನೆ. ಕುರಿಗಳು ಹಾಳೆಯ ಅಂಚಿನಲ್ಲಿ ನಿಂತಿವೆ.