ಎಡಗಡೆಯ ದೀಪ

ಬಲ್ಬು ಬದಲಾಯಿಸುವುದು ಅಂದರೆ ಏನು ಮಹಾ, ಈ ಕಡೆ ತಿರುಗಿಸಿದರೆ ಬರುತ್ತೆ, ಆ ಕಡೆ ತಿರುಗಿಸಿದರೆ ಕೂರುತ್ತೆ ಎಂದೇ ಕನ್ನಡಕದಯ್ಯ ಇಷ್ಟು ವರ್ಷ ನಂಬಿಕೊಂಡು ಬಂದಿದ್ದ. ಕಾರಿನ ಬಾನೆಟ್ಟು ಎತ್ತಿ ಹೆಡ್‌ಲೈಟಿನ ಬೆನ್ನು ನೋಡಿದ ಮೇಲೆ ಆ ನಂಬಿಕೆ ಸ್ವಲ್ಪ ಅಲುಗಾಡಿತು. ಅಲ್ಲಿ ಬಲ್ಬೇ ಕಾಣಲಿಲ್ಲ. ಅಂಗೈಯಗಲದ ಕಪ್ಪು ರಬ್ಬರ್ ಟೋಪಿಯೊಂದಿತ್ತು, ಅದರ ನಡುವಿನಿಂದ ಹೊರಟ ವೈರುಗಳಿದ್ದವು, ಪಕ್ಕದಲ್ಲೇ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಕೈ ತೂರಿಸಬೇಕಾದರೆ ಬಳೆ ತೊಡಿಸುವವರ ಹಾಗೆ ಬೆರಳೆಲ್ಲ ಕೂಡಿಸಿ ತೂರಿಸಬೇಕು.

ಕನ್ನಡಕದಯ್ಯ ಅನ್ನುವುದು ಬೀದಿಯವರು ಇಟ್ಟ ಹೆಸರು. ಬೀದಿಯ ತಿರುವಿನಲ್ಲಿ ಅವನ ಕನ್ನಡಕದ ಅಂಗಡಿ. ಅರ್ಧ ಊರಿನ ಮೂಗಿನ ಮೇಲೆ ಕೂತಿರುವುದು ಅವನೇ ಕೂರಿಸಿದ ಗಾಜು. ಗಾಜು ಅಂದರೆ ಅವನಿಗೆ ಹುಚ್ಚು. ಯಾರ ಮನೆಗೆ ಹೋದರೂ ನೀರು ಕುಡಿಯುವ ಮೊದಲು ಲೋಟವನ್ನು ಬೆಳಕಿಗೆ ಹಿಡಿದು ನೋಡುವ ಆಸಾಮಿ. ಇಂಥವನು ತನ್ನದೇ ಕಾರಿನ ದೀಪದೊಳಗೆ ಏನಿದೆ ಎಂದು ಒಂದು ದಿನವೂ ಇಣುಕಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ.

ಈಗ ಇಣುಕಲು ಕಾರಣವಾದದ್ದು ಒಬ್ಬ ಸೈಕಲ್ ಸವಾರ. ಕಳೆದ ವಾರ ಗಂಡಹೆಂಡಿರಿಬ್ಬರೂ ಮುಸ್ಸಂಜೆಯಲ್ಲಿ ಸೇತುವೆ ದಾಟಿ ಬರುತ್ತಿದ್ದಾಗ ಎಡಗಡೆ ಅವನು ಹೋಗುತ್ತಿದ್ದ. ಪಕ್ಕದಲ್ಲಿ ಕೂತ ಹೆಂಡತಿ ಕಿರುಚದೆ ಇದ್ದಿದ್ದರೆ ಕಾರು ಅವನ ಮೇಲೇ ಹೋಗುತ್ತಿತ್ತು. ಬ್ರೇಕು ಹಾಕಿ ನಿಂತಾಗ ಬಂಪರಿಗೂ ಸೈಕಲ್ಲಿನ ಹಿಂದಿನ ಚಕ್ರಕ್ಕೂ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಸೈಕಲ್ಲಿನವನು ಇಳಿದು, ಕನ್ನಡಕದಯ್ಯನ ವಯಸ್ಸನ್ನೂ ಬಿಡದೆ ಬೈದು ಹೋದ. ಮನೆಗೆ ಬಂದು ನೋಡಿದರೆ ಎಡಗಡೆಯ ದೀಪ ಸತ್ತಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಕನ್ನಡಕದಯ್ಯ ಆ ದೀಪವನ್ನು ಹಿಡಿದುಕೊಂಡ. ದೀಪವೇ ಇಲ್ಲದಿದ್ದರೆ ದೇವರಿಗೂ ಕಾಣುವುದಿಲ್ಲ, ತಾನೇನು ಮಾಡಲಿ ಅಂದ.

ಹೆಂಡತಿ ಅಷ್ಟಕ್ಕೆ ಒಪ್ಪುವವಳಲ್ಲ. ಅವಳು ಮನೆಯ ಮುಂಗೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಅರ್ಧ ಬೀದಿಗೆ ಬಟ್ಟೆ ಹೊಲಿದು ಕೊಡುವವಳು. ಹೊಲಿಗೆ ಎಲ್ಲಿ ತಪ್ಪಿದೆ ಅಂತ ಹುಡುಕುವುದೇ ಅವಳ ಕಸುಬು. ಈ ವರ್ಷವೆಲ್ಲ ಅವಳ ಗಂಡ ಒಂದಲ್ಲ ಒಂದು ಗಾಜಿನ ಮೇಲೆ ತಪ್ಪು ಹೊರಿಸುತ್ತ ಬಂದದ್ದನ್ನು ಅವಳು ನೋಡಿದ್ದಳು. ಮೊದಲು ಕಾರಿನ ಮುಂದಿನ ಗಾಜು ಮಬ್ಬಾಗಿದೆ ಎಂದು ಹತ್ತಾರು ಸಲ ಉಜ್ಜಿದ. ಆಮೇಲೆ ಹೆಡ್‌ಲೈಟಿನ ಮುಚ್ಚಳ ಹಳದಿಗಟ್ಟಿದೆ ಎಂದು ಹಲ್ಲುಜ್ಜುವ ಪೇಸ್ಟು ಹಚ್ಚಿ ತಿಕ್ಕಿದ. ಆಮೇಲೆ ತನ್ನ ಕನ್ನಡಕದ ಗಾಜನ್ನೇ ಎರಡು ಸಲ ಬದಲಾಯಿಸಿದ. ಅಂಗಡಿಯ ಟ್ಯೂಬ್‌ಲೈಟಿಗೂ ಬೈಗುಳ ತಪ್ಪಲಿಲ್ಲ. ಈಗಿನವು ಹಾಕಿದ ದಿನದಿಂದಲೇ ಮಂಕು ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೆಂಡತಿ ಮಿಷನ್ನಿನ ಸದ್ದಿನ ನಡುವೆ ಹೇಳಿದ್ದು ಅವನಿಗೆ ಕೇಳಿಸಿತ್ತು, ಕೇಳಿಸದವನಂತೆ ಇದ್ದುಬಿಟ್ಟ.

ಸೈಕಲ್ಲಿನ ಘಟನೆಯಾದ ಮೇಲೆ ಅವಳು ಮಾತು ತಿರುಗಿಸದೆ ಹೇಳಿದಳು.

"ದೀಪ ಹಾಕಿ. ದೀಪ ಹಾಕಿದ್ಮೇಲೂ ಕಾಣ್ಲಿಲ್ಲ ಅಂದ್ರೆ, ಕಾರಿನ ಕೀ ನನ್ನ ಕೈಗೆ ಕೊಟ್ಬಿಡಿ. ಇನ್ನೊಬ್ಬರ ಮನೆ ದೀಪ ಆರಿಸೋ ಪಾಪ ನಮಗೆ ಬೇಡ."

ಆಗಲಿ ಎಂದು ಅವನು ಒಪ್ಪಿದ. ಅವಳಿಗೂ ಲೈಸೆನ್ಸ್ ಇತ್ತು, ಓಡಿಸಲೂ ಚೆನ್ನಾಗಿಯೇ ಬರುತ್ತಿತ್ತು. ಆದರೆ ಕಾರು ಬಂದ ದಿನದಿಂದ ಸ್ಟಿಯರಿಂಗಿನ ಮುಂದೆ ಕೂತವನು ಅವನು, ಎದ್ದೇ ಇರಲಿಲ್ಲ. ಅದನ್ನು ಬಿಟ್ಟುಕೊಡುವುದು ಅಂದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯಿಂದ ಎದ್ದು ಗಿರಾಕಿಯ ಬೆಂಚಿಗೆ ಹೋಗಿ ಕೂತಷ್ಟೇ ಅವಮಾನ ಅಂತ ಅವನ ಲೆಕ್ಕ. ಆ ದೀಪದ ಮೇಲೆ ಅವನ ಮರ್ಯಾದೆಯೆಲ್ಲ ನಿಂತಿತ್ತು.

ಮೆಕ್ಯಾನಿಕ್ಕಿಗೆ ಹೇಳಿದ್ದರೆ ಮಾತಾಡುತ್ತ ಮಾತಾಡುತ್ತಲೇ ಹಾಕಿ ಹೋಗುತ್ತಿದ್ದ. ಆದರೆ ತಾನೇ ಕೈಯಾರೆ ಬಿಚ್ಚಿ, ತಪ್ಪಿತಸ್ಥ ದೀಪವನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ಅವನಿಗೆ. ಅದರ ಜೊತೆಗೆ, ಒಳಗೆ ಏನಿರಬಹುದು ಎಂಬ ಕುತೂಹಲ ಬೇರೆ ಹುಟ್ಟಿಕೊಂಡಿತ್ತು. ಒಮ್ಮೆ ಹುಟ್ಟಿತೆಂದರೆ ಅನ್ನ ಹಾಕುವವರೆಗೆ ಬಿಡುವ ಜೀವ ಅಲ್ಲ ಅದು.

ಬಿಡಿಭಾಗದ ಅಂಗಡಿಯವನು ಎರಡು ಬಗೆಯ ಬಲ್ಬು ಮುಂದಿಟ್ಟ. ಒಂದು ಮಾಮೂಲಿ, ಇನ್ನೊಂದು ಹಗಲಿನಂಥ ಬಿಳಿ ಬೆಳಕಿನದು; ಗಾಜೇ ತಿಳಿನೀಲಿ ಇದೆ ನೋಡಿ ಅಂದ. ಕನ್ನಡಕದಯ್ಯ ಎತ್ತಿ ನೋಡಿದ, ಗಾಜು ಗಾಜಿನ ಹಾಗೇ ಇತ್ತು. ವ್ಯಾಪಾರದವರ ಮಾತು ಎಂದು ಮನಸ್ಸಿನಲ್ಲೇ ನಕ್ಕ. ತಾನೂ ಒಂದೇ ಫ್ರೇಮನ್ನು ಒಬ್ಬರಿಗೆ ಗಟ್ಟಿ ಅಂತಲೂ ಇನ್ನೊಬ್ಬರಿಗೆ ಹಗುರ ಅಂತಲೂ ಮಾರಿದವನಲ್ಲವೇ. ಆದರೂ ಬಿಳಿಯದನ್ನೇ ತೆಗೆದುಕೊಂಡ. ಗಾಜಿಗೆ ಬೆರಳು ತಾಗಿಸಬೇಡಿ ಎಂದು ಅಂಗಡಿಯವನು ಎಚ್ಚರಿಸಿದ. ಯಾಕೆ ಎಂದು ಇವನು ಕೇಳಿದ. ಬೆರಳಿನ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದಂತೆ. ಒಂದು ಬೆರಳಿನ ಗುರುತಿಗೆ ಸಾಯುವ ಗಾಜು! ದಾರಿಯುದ್ದಕ್ಕೂ ಕನ್ನಡಕದಯ್ಯ ಅದನ್ನೇ ಯೋಚಿಸಿಕೊಂಡು ಬಂದ.

ಕಾರನ್ನು ಮನೆಯ ಮುಂದಿನ ಗೋಡೆಗೆ ಮುಖಮಾಡಿ ನಿಲ್ಲಿಸಿ ಕೆಲಸಕ್ಕೆ ಇಳಿದ. ವೈರಿನ ಪ್ಲಗ್ಗು ಹಿಡಿದು ಎಳೆದ, ಬರಲಿಲ್ಲ. ಪುಸಲಾಯಿಸಿದ, ಬರಲಿಲ್ಲ. ಸಿಟ್ಟಿನಿಂದ ಎಳೆದಾಗ ಥಟ್ಟನೆ ಬಂದು ಮೊಣಕೈ ಬಾನೆಟ್ಟಿನ ಊರುಗೋಲಿಗೆ ಬಡಿಯಿತು. ರಬ್ಬರ್ ಟೋಪಿಯ ಅಂಚಿನ ಕಿವಿ ಹಿಡಿದು ಸುಲಿದಾಗ ಒಳಗೆ ಬಲ್ಬಿನ ಬುಡ, ಅದನ್ನು ಅದುಮಿ ಹಿಡಿದ ತಂತಿಯ ಸ್ಪ್ರಿಂಗು. ಕೈ ಹೋದರೆ ಕಣ್ಣು ಹೋಗದು, ಕಣ್ಣು ಹೋದರೆ ಕೈ ಹೋಗದು. ಅಂಗಡಿಯಲ್ಲಿ ಗಿರಾಕಿಗಳು ಮುಖ ನೋಡಿಕೊಳ್ಳುವ ಕನ್ನಡಿಯನ್ನು ತರಿಸಿಕೊಂಡು ಬ್ಯಾಟರಿಯ ಮೇಲೆ ಒರಗಿಸಿದ. ಸಾಸಿವೆಯಷ್ಟು ಸ್ಕ್ರೂಗಳನ್ನು ಫ್ರೇಮಿಗೆ ಕೂರಿಸಿದ ಬೆರಳುಗಳು ಸ್ಪ್ರಿಂಗಿನ ಗುಟ್ಟನ್ನು ತಾವೇ ಕಂಡುಕೊಂಡವು: ಒಳಕ್ಕೆ ಒತ್ತಬೇಕು, ಪಕ್ಕಕ್ಕೆ ಸರಿಸಬೇಕು, ಬಿಡಬೇಕು.

ಹಳೆಯ ಬಲ್ಬು ಕೈಗೆ ಬಂತು. ಗಾಜಿನ ಒಳಗೆಲ್ಲ ಮಸಿ, ಒಳಗಿನ ತಂತಿ ತುಂಡಾಗಿ ನೇತಾಡುತ್ತಿತ್ತು. ಕನ್ನಡಕದಯ್ಯನಿಗೆ ಕಳ್ಳ ಸಿಕ್ಕಷ್ಟು ಸಂತೋಷವಾಯಿತು. ಆ ಸಂತೋಷದಲ್ಲೇ ಬಲ್ಬಿನ ಖಾಲಿ ತೂತಿನಿಂದ ದೀಪದೊಳಗೆ ಇಣುಕಿದ. ಒಳಗೆ ಬೆಳ್ಳಿಯ ಬಟ್ಟಲಿನಂಥ ಕನ್ನಡಿ, ಅದರ ತುಂಬ ಅವನದೇ ಸೊಟ್ಟ ಮುಖ. ರೆಪ್ಪೆಗೂದಲಿನಷ್ಟು ತಂತಿ ಉರಿದರೆ ಈ ಬಟ್ಟಲು ಅದನ್ನು ಹಿಡಿದು ಇಡೀ ರಸ್ತೆಗೆ ಹಂಚುತ್ತದೆ. ಹೊಸ ಬಲ್ಬಿನಲ್ಲಿ ನೋಡಿದರೆ ತಂತಿ ಎರಡು, ದೂರಕ್ಕೆ ಒಂದು, ಹತ್ತಿರಕ್ಕೆ ಒಂದು. ಹತ್ತಿರದ್ದರ ಕೆಳಗೆ ಪುಟ್ಟ ಚಮಚದಂಥ ಮರೆ. ಎದುರಿನವರ ಕಣ್ಣಿಗೆ ಹೊಡೆಯದ ಹಾಗೆ ಯಾರೋ ಪುಣ್ಯಾತ್ಮ ಕೂತು ಯೋಚಿಸಿ ಇಟ್ಟದ್ದು! ತಾನು ಎರಡು ಪವರಿನ ಗಾಜು ಕೂರಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದುಕೊಂಡ, ಕಾರಿನ ಮೇಲೆ ಅವನಿಗೆ ಹೊಸ ಗೌರವ ಬಂತು.

ಬುಡವನ್ನಷ್ಟೇ ಎರಡು ಬೆರಳಲ್ಲಿ ಹಿಡಿದು ಹೊಸ ಬಲ್ಬು ಎತ್ತಿದ. ಗಾಜನ್ನು ಅಂಚಿನಲ್ಲಿ ಹಿಡಿಯುವುದು ಅವನಿಗೆ ಯಾರೂ ಕಲಿಸಬೇಕಾದದ್ದಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಎತ್ತಿದವನೇ ಬಾಯಿ ತೆರೆದು ಗಾಜಿನ ಮೇಲೆ 'ಹಾ' ಎಂದು ಉಸಿರು ಬಿಟ್ಟು, ಜೇಬಿನ ಬಟ್ಟೆಯಿಂದ ಒರೆಸಿಯೇಬಿಟ್ಟ. ಊರವರ ಮೂಗಿನ ಜಿಡ್ಡೆಲ್ಲ ಆ ಬಟ್ಟೆಯಲ್ಲಿದೆ ಎಂದು ನೆನಪಾದಾಗ ತಡವಾಗಿತ್ತು. ಸ್ಪಿರಿಟ್ ತಂದು, ಹೊಸ ಹತ್ತಿಯಲ್ಲಿ ಮತ್ತೆ ಒರೆಸಿ, ಆರಲು ಬಿಟ್ಟ. ಹೆಂಡತಿ ಕಿಟಕಿಯಿಂದ ನೋಡಿ, ಮಗುವಿಗೆ ಸ್ನಾನ ಮಾಡಿಸ್ತಿದೀರಾ ಎಂದು ಕೇಳಿದಳು.

ಬಲ್ಬನ್ನು ಒಳಗಿಟ್ಟ, ಅದು ಸ್ವಲ್ಪ ಹಟ ಮಾಡಿತು, ಇವನು ಸ್ವಲ್ಪ ಹೆಚ್ಚು ಹಟ ಮಾಡಿದ. ಸ್ಪ್ರಿಂಗು ಸಿಕ್ಕಿಸಿ, ಟೋಪಿ ತೊಡಿಸಿ, ಪ್ಲಗ್ಗು ಒತ್ತಿ, ದೀಪ ಹಾಕಿದ. ಬಲಗಡೆಯದು ಗೋಡೆಗೆ ಬಿತ್ತು. ಎಡಗಡೆಯದು ಗೋಡೆ ಹತ್ತಿ, ಗೋಡೆಯಾಚೆಗಿನ ಮನೆಯ ಮಹಡಿ ಸೇರಿ, ಅಲ್ಲಿ ಒಣಹಾಕಿದ್ದ ಬಟ್ಟೆಗಳನ್ನೆಲ್ಲ ಎಣಿಸಿತು. ಮಹಡಿಯ ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ಹೊರಗೆ ಬಂದು, ಯಾರಪ್ಪ ಅದು ಎಂದಳು. ಹೆಂಡತಿ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. ಬುಡ ಸುಡುವಷ್ಟು ಕಾದಿದ್ದರಿಂದ ಬೆರಳಿಗೆ ಊದಿಕೊಳ್ಳುತ್ತ ಅದು ತಣಿಯುವವರೆಗೆ ಕಾದು, ಮತ್ತೆ ಬಿಚ್ಚಿ ನೋಡಿದ. ಬುಡದ ಸುತ್ತ ಮೂರು ಕಿವಿಗಳು, ಅದರಲ್ಲೊಂದು ಅಗಲ. ದೀಪದ ಬಾಯಲ್ಲೂ ಮೂರು ಕಚ್ಚು, ಅಗಲದ್ದು ಮೇಲೆ. ತಾನು ಕೂರಿಸಿದ್ದು ಓರೆಯಾಗಿ. ಈ ಸಲ ಒತ್ತುವ ಮೊದಲೇ ಅದು ತಾನಾಗಿ ಒಳಗೆ ಹೋಗಿ ಕೂತಿತು.

ಸಂಜೆಯ ಮಬ್ಬು ಇಳಿದಿತ್ತು. ಸ್ವಿಚ್ಚು ಹಾಕಿದ. ಗೋಡೆಯ ಮೇಲೆ ಎರಡು ಬೆಳಕಿನ ಚಾಪೆ, ಒಂದೇ ಎತ್ತರಕ್ಕೆ, ಪಕ್ಕಪಕ್ಕದಲ್ಲಿ. ಕನ್ನಡಕದಯ್ಯನ ಎದೆ ಹಗುರಾಯಿತು. ಹೆಂಡತಿ ಸೀರೆ ಬದಲಾಯಿಸಿ ಬಂದು ನಿಂತಿದ್ದಳು. ಸೇತುವೆಯ ಆಚೆ ಅವಳ ತಂಗಿಯ ಮನೆಗೆ ಇಬ್ಬರೂ ಹೋಗುವುದಿತ್ತು. ಇವನು ಗತ್ತಿನಿಂದ ಅವಳನ್ನು ಗೋಡೆಯ ಮುಂದೆ ನಿಲ್ಲಿಸಿ, ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವಾಗಿನ ಧ್ವನಿ ತೆಗೆದು, ಎಡಗಡೆಯದು ಚೆನ್ನಾಗಿ ಕಾಣುತ್ತಾ, ಬಲಗಡೆಯದಾ ಎಂದು ಕೇಳಿದ. ಎರಡೂ ಒಂದೇ ಅನ್ನುತ್ತಾಳೆ, ಅಲ್ಲಿಗೆ ಕೇಸು ಮುಗಿಯುತ್ತದೆ ಎಂದು ಅವನ ಎಣಿಕೆ.

"ಕೇಳ್ಬೇಕಾ? ಎಡಗಡೇದು ಹಾಲಿನ ಹಾಗಿದೆ. ಬಲಗಡೇದು ಜೇನುತುಪ್ಪ. ಒಂದೇ ಅಂಗಿಗೆ ಎರಡು ಬಣ್ಣದ ತೋಳು ಹೊಲಿದ ಹಾಗೆ ಕಾಣ್ತಿದೆ, ಅದನ್ನೂ ಬದಲಾಯಿಸಿಬಿಡಿ ರೀ."

ಕನ್ನಡಕದಯ್ಯ ಗೋಡೆ ನೋಡಿದ. ಎರಡೂ ಜೇನೇ. ತಮಾಷೆ ಮಾಡುತ್ತಿದ್ದಾಳೆಯೇ ಎಂದು ಅವಳ ಮುಖ ನೋಡಿದ, ಇಲ್ಲ. ಕನ್ನಡಕ ತೆಗೆದು ನೋಡಿದ, ಒರೆಸಿ ಹಾಕಿಕೊಂಡು ನೋಡಿದ. ಒಂದು ಕಣ್ಣು ಮುಚ್ಚಿದ, ಇನ್ನೊಂದು ಮುಚ್ಚಿದ. ಗೋಡೆಯ ಹತ್ತಿರಕ್ಕೇ ಹೋಗಿ ಎರಡು ಬೆಳಕಿನಲ್ಲೂ ಒಂದೊಂದು ಅಂಗೈ ಹಿಡಿದು ನೋಡಿದ. ಎರಡು ಅಂಗೈಗೂ ಒಂದೇ ಬಣ್ಣ.

ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಟ್ಟೆ ಎಷ್ಟು ಒಗೆದರೂ ಬಿಳಿ ಆಗುತ್ತಿಲ್ಲ, ಸೋಪೇ ಸರಿಯಿಲ್ಲ ಎಂದು ಗೊಣಗುತ್ತ ಬರುವ ಎಷ್ಟೋ ಗಿರಾಕಿಗಳನ್ನು ಅವನು ಕಂಡಿದ್ದ. ಸೋಪಿನದಲ್ಲ ತಪ್ಪು, ಕಣ್ಣಿಗೆ ಪೊರೆ ಬರುತ್ತಿದೆ, ಬಿಳಿಯೇ ಮೊದಲು ಹೋಗುವುದು, ಮೆಲ್ಲಗೆ ಹೋಗುವುದರಿಂದ ಗೊತ್ತಾಗುವುದಿಲ್ಲ ಎಂದು ಅವರನ್ನು ಕೂರಿಸಿ ಸಮಾಧಾನ ಹೇಳಿ ಡಾಕ್ಟರ ಹತ್ತಿರ ಕಳಿಸಿದ್ದ. ಸಣ್ಣ ಆಪರೇಷನ್, ಇರುವೆ ಕಚ್ಚಿದಷ್ಟೂ ನೋಯುವುದಿಲ್ಲ ಅಂತಲೂ ಹೇಳಿದ್ದ. ಈಗ ಅದೇ ಕತ್ತರಿ ತನ್ನ ಕಣ್ಣಿಗೆ ಎಂದುಕೊಂಡ ಕೂಡಲೇ ಅವನಿಗೆ ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ವರ್ಷವೆಲ್ಲ ಎದುರಿಗೆ ಬಂದ ಗಾಜಿಗೆಲ್ಲ ಬೈದವನು, ತನ್ನೊಳಗಿನ ಗಾಜೊಂದನ್ನೇ ಬಿಟ್ಟುಬಿಟ್ಟಿದ್ದ.

ಹೆಂಡತಿಗೆ ಇದ್ಯಾವುದೂ ಗೊತ್ತಿಲ್ಲ. ಅವಳು ಆಗಲೇ ಪಕ್ಕದ ಸೀಟಿನಲ್ಲಿ ಕೂತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬಾನೆಟ್ಟು ಮುಚ್ಚಿ, ಕೈ ಒರೆಸಿಕೊಂಡು ಅವನೂ ಬಂದು ಸ್ಟಿಯರಿಂಗಿನ ಮುಂದೆ ಕೂತ. ಅವಳು ಅವನ ತೋಳು ಮುಟ್ಟಿದಳು.

"ಬೇಜಾರು ಮಾಡ್ಕೋಬೇಡಿ. ತಪ್ಪು ದೀಪದ್ದೇ. ನಾನೇ ಸುಮ್ನೆ ನಿಮ್ಮನ್ನ ಏನೇನೋ ಅಂದ್ಬಿಟ್ಟೆ."

ಒಂದು ಮಾತೂ ಆಡದೆ ಕೀ ತಿರುಗಿಸಿದ್ದರೆ ಆಗುತ್ತಿತ್ತು. ಈಗ ದೀಪ ಎರಡಿವೆ, ದಾರಿ ಗೊತ್ತಿರುವುದೇ, ಅವಳೂ ನಂಬಿದ್ದಾಳೆ. ಕೀ ಅವನ ಬೆರಳಿನ ನಡುವೆಯೇ ಇತ್ತು. ಅವನು ಗೋಡೆಯನ್ನು ಇನ್ನೊಮ್ಮೆ ನೋಡಿದ, ಈಗಲಾದರೂ ಒಂದು ಬಿಳಿಯಾಗಿರಬಹುದೇ ಎಂದು.

"ಇವಳೇ, ನನಗೆ ಎರಡೂ ಒಂದೇ ಬಣ್ಣ ಕಾಣ್ತಿದೆ ಕಣೇ."

ಅವಳು ನಗಲಿಲ್ಲ. ಗೋಡೆ ನೋಡಿದಳು, ಅವನನ್ನು ನೋಡಿದಳು. ಕನ್ನಡಕದ ಅಂಗಡಿಯವನ ಹೆಂಡತಿಗೆ ಅಷ್ಟು ಸಾಕಾಯಿತು. ಯಾವಾಗಿನಿಂದ ಎಂದು ಮಾತ್ರ ಕೇಳಿದಳು. ಗೊತ್ತಿಲ್ಲ ಅಂದ, ಅದು ನಿಜವೂ ಆಗಿತ್ತು. ಅವನು ಕೀಯನ್ನು ಅವಳ ಅಂಗೈಯಲ್ಲಿಟ್ಟು ಇಳಿದು, ಕಾರಿನ ಮುಂದಿನಿಂದ ಸುತ್ತಿ ಬಂದು, ಅವಳು ಬಿಟ್ಟು ಹೋದ ಬೆಚ್ಚಗಿನ ಸೀಟಿನಲ್ಲಿ ಕೂತ. ಚೀಲ ಅವನ ತೊಡೆಗೆ ಬಂತು. ಅವಳು ಸೀಟು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು, ನಾಳೆ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರ್ತೀನಿ ಅಂದಳು. ಅವನು ಹೂಂ ಅಂದ.

ಗೇಟು ದಾಟಿ ರಸ್ತೆಯ ಅಂಚಿಗೆ ಬಂದಾಗ ಅವನು ರೂಢಿಯಂತೆ ಎಡಕ್ಕೆ ತಿರುಗಿ, ಯಾರೂ ಬರುತ್ತಿಲ್ಲ, ಹೋಗು ಅಂದ. ಅವಳು ಹೋಗಲಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ, ಅವನ ಎದೆಯ ಮುಂದೆ ಬಗ್ಗಿ, ಎಡಗಡೆಯನ್ನು ತಾನೇ ಒಂದು ಸಲ ನೋಡಿಕೊಂಡಳು.