ಮಧ್ಯಾಹ್ನ ಎರಡೂ ನಲವತ್ತು

"ಎಡಕ್ಕೆ, ಸ್ವಲ್ಪ ಎಡಕ್ಕೆ ತಿರುಗಿಸಿ," ಎಂದು ಮ್ಯಾನೇಜರ್ ಹಿಂದಿನಿಂದ ಹೇಳುತ್ತಲೇ ಇದ್ದರು. ಹೇಳುವುದಕ್ಕೇನು, ಅವರ ಕೈಯಲ್ಲಿದ್ದದ್ದು ಹೂವಿನ ಗುಚ್ಛ. ಶವಪೆಟ್ಟಿಗೆ ಹೊತ್ತ ನಾಲ್ವರಲ್ಲಿ ಮರಿ ಮುಂದಿನ ಬಲಮೂಲೆಗಿದ್ದ. ವಿದ್ಯುತ್ ಚಿತಾಗಾರದ ಬಾಗಿಲಿಗೆ ಎರಡು ಕದ. ಒಂದರ ಚಿಲಕ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಸರಿಯದೆ, ಪೆಟ್ಟಿಗೆ ಹೊಸ್ತಿಲಲ್ಲೇ ಸಿಕ್ಕಿಕೊಂಡಿತ್ತು.

"ಪಕ್ಕದಲ್ಲಿ ಇನ್ನೊಂದು ಬಾಗಿಲಿದೆಯಲ್ಲ," ಎಂದ ಹಿಂದೆ ಹೊತ್ತಿದ್ದ ಸಹೋದ್ಯೋಗಿ, ಏದುಸಿರು ಬಿಡುತ್ತಾ. "ಅಕ್ಕ ಇದ್ದಿದ್ರೆ ಇಷ್ಟೊತ್ತಿಗೆ ನಮ್ಮನ್ನ ಆ ಕಡೆಯಿಂದ ತಿರುಗಿಸಿರ್ತಿದ್ರು."

ಯಾರೋ ಕಿಸಕ್ಕೆಂದು ನಕ್ಕು, ಅದನ್ನು ಕೆಮ್ಮಿನಲ್ಲಿ ಮುಚ್ಚಿದರು. ಮರಿಗೆ ನಗು ಬರಲಿಲ್ಲ. ಎರಡು ದಿನದಿಂದ ನಿದ್ದೆಯಿಲ್ಲದೆ ಅವನ ಕಣ್ಣು ಉರಿಯುತ್ತಿತ್ತು.

ಮರಿ ಎಂದರೆ ಎಳೆಯವನೇನಲ್ಲ. ವಯಸ್ಸು ನಲವತ್ತೊಂದು, ತಲೆ ಮುಕ್ಕಾಲು ಬೋಳು. ಹದಿನಾಲ್ಕು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ದಿನ ಅಕ್ಕ ಇಟ್ಟ ಹೆಸರು ಮೈಗೆ ಅಂಟಿಕೊಂಡುಬಿಟ್ಟಿತ್ತು. ಅವರನ್ನು ಆಫೀಸೆಲ್ಲ ದಾರಿಯಕ್ಕ ಎನ್ನುತ್ತಿತ್ತು. ಮೊನ್ನೆ ಬೆಳಿಗ್ಗೆ ಬಟ್ಟೆ ಒಣಹಾಕುತ್ತಾ ಕುಸಿದ ಅಕ್ಕ ಮತ್ತೆ ಏಳಲಿಲ್ಲ. ಐವತ್ತೇಳು ಸಾಯುವ ವಯಸ್ಸಲ್ಲ, ಆದರೂ ಹೃದಯ ಕೇಳಬೇಕಲ್ಲ.

ಮರಿ ಇವತ್ತು ಒಂದು ಮಾತು ಹೇಳಲೆಂದೇ ಬಂದಿದ್ದ. ಮೂರು ವರ್ಷದ ಹಿಂದೆ ತಾನು ಮಾಡಿದ ತಪ್ಪನ್ನು ಅಕ್ಕ ಗೊತ್ತಿದ್ದೂ ಹೊಟ್ಟೆಗೆ ಹಾಕಿಕೊಂಡರು, ತನ್ನ ಅನ್ನ ಉಳಿಸಿದರು ಎಂದು ಅವರ ಗಂಡನಿಗೆ ಹೇಳಬೇಕು. ಅಕ್ಕನಿಗೇ ಹೇಳಬಹುದಿತ್ತು. ಇವತ್ತು, ನಾಳೆ ಎಂದು ಮೂರು ವರ್ಷ ಮೀನಮೇಷ ಎಣಿಸಿದ. ಈಗ ಕೇಳಿಸಿಕೊಳ್ಳುವುದಕ್ಕೆ ಅವರಿಲ್ಲ.

ಕೊನೆಗೆ ಪೆಟ್ಟಿಗೆ ಒಳಗೆ ಬಂತು. ಮ್ಯಾನೇಜರ್ ಹೂವಿಟ್ಟು, ಗಂಟಲು ಸರಿಮಾಡಿಕೊಂಡು ನಾಲ್ಕು ಮಾತಾಡಿದರು. ಅಕ್ಕನ ಶಿಸ್ತು, ಅಕ್ಕನ ತಾಳ್ಮೆ ಎಲ್ಲವೂ ಬಂದವು. ಅಷ್ಟಕ್ಕೇ ನಿಲ್ಲಿಸಬಹುದಿತ್ತು.

"ಕೊನೇಲಿ ಒಂದು ಎಡವಟ್ಟಾಯ್ತು, ನಿಜ. ಅದು ಯಾರಿಗೂ ಆಗುತ್ತೆ. ನಾವು ಅದನ್ನ ಮನಸ್ಸಲ್ಲಿ ಇಟ್ಕೊಂಡಿಲ್ಲ."

ಮೊದಲ ಸಾಲಿನಲ್ಲಿ ಕೂತಿದ್ದ ಅಕ್ಕನ ಮಗಳು ತಲೆ ತಗ್ಗಿಸಿದಳು. ಅವಳ ತೊಡೆಯ ಮೇಲೆ ಎರಡು ವರ್ಷದ ಕೂಸು ನಿದ್ದೆಹೋಗಿತ್ತು. ಮರಿಗೆ ಎದ್ದು ನಿಂತು ಅಲ್ಲೇ ಹೇಳಿಬಿಡಬೇಕೆನಿಸಿತು. ಅಷ್ಟರಲ್ಲಿ ಗೋಡೆಯ ಕಿಂಡಿ ತೆರೆದು, ಪೆಟ್ಟಿಗೆ ತಾನಾಗಿ ಒಳಗೆ ಜಾರಿತು.

*

ಅವರ ಆಫೀಸಿನ ಕೆಲಸ ಹೊರಗಿನವರಿಗೆ ಬಿಡಿಸಿ ಹೇಳುವುದು ತಲೆನೋವಿನ ಸಂಗತಿ. ಅಕ್ಕ ಮಾತ್ರ ಬಸ್ ಡ್ರೈವರಾಗಿದ್ದ ಗಂಡನಿಗೂ ಅರ್ಥವಾಗುವ ಹಾಗೆ ಹೇಳುತ್ತಿದ್ದರು. ಇಪ್ಪತ್ತಾರು ಆಸ್ಪತ್ರೆಗಳ ಕಂಪ್ಯೂಟರ್ ವ್ಯವಹಾರವೆಲ್ಲ ಕ್ಲೌಡಿನಲ್ಲಿ, ಅಂದರೆ ಎಲ್ಲೋ ದೂರದ ಬಾಡಿಗೆ ಯಂತ್ರಗಳಲ್ಲಿ ನಡೆಯುತ್ತದೆ. ಅಲ್ಲಿ ಒಂದೊಂದು ಬಗೆಯ ಕೆಲಸಕ್ಕೂ ಒಂದೊಂದು ಕೋಣೆ ಎಂದಿಟ್ಟುಕೊಂಡರೆ, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವ ಮಾಹಿತಿ, ತನ್ನಷ್ಟಕ್ಕೆ ಬಿಟ್ಟರೆ, ಹತ್ತಿರದ ದಾರಿ ಹಿಡಿಯುತ್ತದೆ. ಕಳ್ಳತನದಲ್ಲಿ ನುಗ್ಗಿದ್ದೂ ಅದೇ ದಾರಿ ಹಿಡಿಯುತ್ತದೆ. ಅದಕ್ಕೇ ನಡುವೆ ಒಂದು ತಪಾಸಣೆ ಯಂತ್ರ. ಕಬ್ಬಿಣದ್ದಲ್ಲ, ಬರೀ ಸಾಫ್ಟ್‌ವೇರಿನದು. ಎಲ್ಲವೂ ಮೊದಲು ಅದರ ಬಳಿ ಹೋಗಿ, ತೋರಿಸಿಕೊಂಡು ಮುಂದೆ ಹೋಗಬೇಕೆಂದು ದಾರಿಪಟ್ಟಿ ಬರೆದು, ಒಂದೊಂದು ಕೋಣೆಗೂ ಅಂಟಿಸುವುದು ಅಕ್ಕನ ಕೆಲಸ.

"ತಪಾಸಣೆಯವನ ಕೋಣೆಗೆ ಮಾತ್ರ ಆ ಪಟ್ಟಿ ಅಂಟಿಸ್ಬೇಡ ಮರಿ," ಎಂದು ಅಕ್ಕ ಮೊದಲ ವಾರವೇ ಹೇಳಿದ್ದರು. "ಅವನು ನೋಡಿ ಕಳಿಸಿದ್ದೂ ತಿರುಗಿ ಅವನ ಹತ್ರಾನೇ ಬರುತ್ತೆ. ಮತ್ತೆ ನೋಡ್ತಾನೆ, ಮತ್ತೆ ಬರುತ್ತೆ. ಗಾಣದೆತ್ತಿನ ಹಾಗೆ ಸುತ್ತುತ್ತಾ ಇರುತ್ತೆ, ಊರು ಸೇರಲ್ಲ."

ಪಟ್ಟಿ ತಿದ್ದುವ ಅಧಿಕಾರ ಇದ್ದದ್ದು ಅಕ್ಕನ ಖಾತೆಗೆ ಮಾತ್ರ. ಬೇರೆಯವರಿಗೆ ಅನುಮತಿ ಸಿಗುವಷ್ಟರಲ್ಲಿ ಎರಡು ದಿನ ಕಳೆಯುತ್ತಿತ್ತು. ಅದಕ್ಕೆ ಅಕ್ಕ ರಜೆಯಲ್ಲಿದ್ದಾಗ ಅವರ ಗುಪ್ತಪದವನ್ನು ಮರಿ ಬಳಸುವುದೆಂದು ಒಳಒಪ್ಪಂದ. ಅಕ್ಕ ಆಫೀಸಿನಲ್ಲಿದ್ದರೆ ಮುಟ್ಟಕೂಡದು.

ಮೂರು ವರ್ಷದ ಹಿಂದಿನ ಆ ದಿನ ಅಕ್ಕ ಅರ್ಧ ಗಂಟೆ ತಡವಾಗಿ ಬಂದಿದ್ದರು. ಬೆಳಿಗ್ಗೆ ಅವರ ಖಾತೆ ತೆರೆದ ಮರಿ ಅದನ್ನು ಮುಚ್ಚಲು ಮರೆತ. ಊಟವಾದ ಮೇಲೆ, ಕಣ್ಣು ಎಳೆಯುತ್ತಿದ್ದ ಹೊತ್ತಿನಲ್ಲಿ, ಬೇಗ ಮುಗಿಸುವ ಆಸೆಗೆ ಅದೇ ಖಾತೆಯಲ್ಲೇ ಎಲ್ಲ ಕೋಣೆಗಳನ್ನೂ ಒಟ್ಟಿಗೆ ಆರಿಸಿ ಹೊಸ ಪಟ್ಟಿ ಅಂಟಿಸಿದ. ಅದರಲ್ಲಿ ತಪಾಸಣೆಯವನ ಕೋಣೆಯೂ ಸೇರಿಹೋಯಿತು. ಇಪ್ಪತ್ತಾರು ಆಸ್ಪತ್ರೆಗಳ ರಕ್ತಪರೀಕ್ಷೆ, ಸ್ಕ್ಯಾನು ಎಲ್ಲವೂ ಎರಡು ತಾಸು ಒಂದೇ ಕಡೆ ಸುತ್ತಿದವು. ಯಾರೂ ಸಾಯಲಿಲ್ಲ, ಪುಣ್ಯ. ಆದರೆ ಒಂದು ಶಸ್ತ್ರಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಕಾಯಿತು.

ವಿಚಾರಣೆಯ ಮೇಜಿನ ಮೇಲೆ ಇಟ್ಟ ದಾಖಲೆಯಲ್ಲಿ ಅಕ್ಕನ ಹೆಸರೇ ಇತ್ತು. ಅವರೂ ಅದೇ ಮಧ್ಯಾಹ್ನ ಅವೇ ಪಟ್ಟಿಗಳನ್ನು ತಿದ್ದುತ್ತಿದ್ದರು. ಅಕ್ಕ ದಾಖಲೆಯನ್ನು ಎರಡು ಸಲ ಓದಿ ಅವನತ್ತ ತಿರುಗಿದರು.

"ಮರಿ, ನೀನೇನಾದ್ರೂ ನನ್ನ ಖಾತೆ ತೆಗೆದಿದ್ಯಾ?"

"ಇಲ್ಲ ಅಕ್ಕ."

ಬಾಯಿ ತಾನೇ ಹೇಳಿಬಿಟ್ಟಿತು. ಮನೆಯಲ್ಲಿ ತಿಂಗಳ ಹಸುಗೂಸು, ಕೆಲಸ ಹೋದರೆ ಗತಿಯೇನು ಎಂಬ ಭಯ. ಅಕ್ಕ ಒಂದು ಗಳಿಗೆ ಅವನ ಮುಖ ನೋಡಿದರು. ಆಮೇಲೆ, "ಹಾಗಾದ್ರೆ ನನ್ನ ಕೈಯಿಂದ್ಲೇ ಆಗಿರ್ಬೇಕು," ಎಂದು ಮ್ಯಾನೇಜರಿಗೆ ಹೇಳಿ, ಹೋಗುತ್ತಾ ಅವನ ಹೆಗಲು ತಟ್ಟಿದರು. ತಟ್ಟಿದ್ದರಿಂದಲೇ ಅವನಿಗೆ ಖಾತ್ರಿಯಾಯಿತು. ಅಕ್ಕನಿಗೆ ಎಲ್ಲ ಗೊತ್ತು, ಬೇಕೆಂದೇ ತನ್ನನ್ನು ಬಿಟ್ಟುಕೊಡಲಿಲ್ಲ. ಅಕ್ಕನನ್ನು ಕೈಪಿಡಿ ಬರೆಯುವ ಮೂಲೆಗೆ ಹಾಕಿ, ಅವರ ಕುರ್ಚಿಗೆ ಅವನನ್ನು ಕೂರಿಸಿದಾಗಲೂ ಈ ನಂಬಿಕೆಯೇ ಅವನಿಗೆ ದಿಂಬಾಯಿತು. ಅದರ ಮೇಲೆ ತಲೆಯಿಟ್ಟು ಮೂರು ವರ್ಷ ಮಲಗಿದ.

*

ಮನೆಗೆ ಬಂದವರೆಲ್ಲ ಚಹಾ ಕುಡಿದು ಒಬ್ಬೊಬ್ಬರಾಗಿ ಹೊರಡುತ್ತಿದ್ದರು. ಅಕ್ಕನ ಗಂಡ ಒಳಕೋಣೆಯ ಮಂಚದ ತುದಿಯಲ್ಲಿ, ಶೂ ಕೂಡ ಬಿಚ್ಚದೆ ಕೂತಿದ್ದರು. ಅಕ್ಕನ ಗಂಡನಾದ್ದರಿಂದ ಮರಿಗೆ ಅವರು ಭಾವ. ಅವನು ಬಾಗಿಲು ಮುಂದೆ ಮಾಡಿ ಎದುರಿಗೆ ಕುಳಿತ.

"ಭಾವ, ಒಂದು ಮಾತು."

"ಹೇಳು ಮರಿ."

ಹೇಳಿದ. ಒಂದನ್ನೂ ಬಿಡದೆ ಹೇಳಿದ. "ಅಕ್ಕನಿಗೆ ಗೊತ್ತಿತ್ತು ಭಾವ. ಗೊತ್ತಿದ್ದೂ ನನ್ನ ಉಳಿಸಿದ್ರು. ಅವರ ಋಣ ನಾನು ಈ ಜನ್ಮದಲ್ಲಿ ತೀರಿಸೋಕಾಗಲ್ಲ," ಎಂದು ಮುಗಿಸಿ, ಎದೆಯ ಭಾರ ಇಳಿಯುವುದನ್ನು ಕಾದ.

ಹೊರಗೆ ಮಗಳು ಲೋಟ ತೊಳೆಯುವ ಸದ್ದು ಕೇಳುತ್ತಿತ್ತು.

"ಅವಳಿಗೆ ಗೊತ್ತಿರ್ಲಿಲ್ಲ," ಎಂದರು ಭಾವ.

"ಇಲ್ಲ ಭಾವ, ಅವರು ನನ್ನ ಹೆಗಲು..."

"ಗೊತ್ತಿರ್ಲಿಲ್ಲ ಕಣಯ್ಯ. ಆವತ್ತು ಮನೆಗೆ ಬಂದವಳೇ ಇದೇ ಮಂಚದ ಮೇಲೆ ಕೂತ್ಲು. ಮರೀನ ಕೇಳ್ದೆ, ಇಲ್ಲ ಅಂದ, ಪಾಪ ಅವನನ್ನ ಎಲ್ಲರ ಮುಂದೆ ಹಾಗೆ ಕೇಳ್ಬಾರ್ದಿತ್ತು ಅಂದ್ಲು. ಅವನು ಸುಳ್ಳು ಹೇಳೋನಲ್ಲ, ಹಾಗಾದ್ರೆ ನನ್ನ ತಲೆಗೇ ಏನೋ ಆಗಿದೆ ಅಂದ್ಲು." ಭಾವನ ದನಿ ಏರಲಿಲ್ಲ. ದಣಿದ ಮನುಷ್ಯನ ದನಿ ಅದು, ಏರುವ ಶಕ್ತಿಯೇ ಅದಕ್ಕಿರಲಿಲ್ಲ. "ಜನ್ಮದಲ್ಲಿ ಮಾಡದ ಕೆಲಸ ಮಾಡಿದೀನಿ, ಮಾಡಿದ್ದು ನೆನಪೇ ಇಲ್ಲ ಅಂತ. ಮೂರು ಡಾಕ್ಟರ ಹತ್ರ ಕರ್ಕೊಂಡು ಹೋದೆ. ಎಲ್ಲ ಸರಿಯಿದೆ ಅಂದ್ರು, ಇವಳು ನಂಬ್ಲಿಲ್ಲ. ಕಾರು ಓಡ್ಸೋದು ಬಿಟ್ಲು. ಒಲೆ ಆರ್ಸಿದ್ನಾ ಅಂತ ನಾಲ್ಕು ಸಲ ಎದ್ದು ಹೋಗೋಳು. ಮೊಮ್ಮಗು ಹುಟ್ತು. ಒಂದು ದಿನ ಒಬ್ಳೇ ಎತ್ಕೊಳ್ಲಿಲ್ಲ. ಎಲ್ಲಾದ್ರೂ ಇಟ್ಟು ಮರೆತ್ರೆ ಅಂತ."

ನಾಚಿಕೆಯೆಂದರೆ ಇಷ್ಟು ದಿನ ತಾನು ತಿಳಿದದ್ದಲ್ಲ, ಇದು ಎಂದು ಮರಿಗೆ ಈಗ ಹೊಳೆಯಿತು. ಕ್ಷಮಿಸಿ ಎಂಬ ಪದ ನಾಲಿಗೆಯವರೆಗೆ ಬಂದು, ಯಾರ ಮುಂದೆ ಇಡುವುದೆಂದು ತಿಳಿಯದೆ ನಿಂತಿತು.

ಭಾವ ಎದ್ದು ಕಪಾಟು ತೆರೆದು, ದಪ್ಪ ರಟ್ಟಿನ ಉದ್ದ ಪುಸ್ತಕವೊಂದನ್ನು ತಂದು ಮಂಚದ ಮೇಲೆ ಬಿಚ್ಚಿದರು.

"ದಿನಾ ಸಂಜೆ ಬರೀತಿದ್ಲು. ನೆನಪು ಎಷ್ಟಿದೆ ಅಂತ ಪರೀಕ್ಷೆ ಅಂತೆ. ಬರೀ ಆ ಒಂದು ಮಧ್ಯಾಹ್ನದ್ದೇ."

ಅಕ್ಕನ ದುಂಡು ಅಕ್ಷರ. ಎರಡೂ ಹತ್ತು: ನಾಲ್ಕನೇ ಪಟ್ಟಿ ತಿದ್ದಿದೆ. ಎರಡೂ ಇಪ್ಪತ್ತೈದು: ಎದ್ದು ಹೋಗಿ ನೀರು ತಂದೆ, ಕಿಟಕಿ ಮುಚ್ಚಿದೆ. ಎರಡೂ ನಲವತ್ತು: ಮುಂದೆ ಏನೂ ಬರೆದಿರಲಿಲ್ಲ. ಎರಡೂ ಐವತ್ತೈದು: ಆಸ್ಪತ್ರೆಯಿಂದ ಮೊದಲ ಫೋನು.

"ದಾಖಲೆಯಲ್ಲಿ ಆ ಹೊತ್ತೇ ಇತ್ತಂತೆ," ಎಂದರು ಭಾವ. "ಆಗ ಏನು ಮಾಡ್ತಿದ್ದೆ ಅನ್ನೋದೊಂದು ಬಂದ್ಬಿಟ್ರೆ ಸಾಕು ಅಂತಿದ್ಲು. ಬರ್ಲೇ ಇಲ್ಲ."

ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಟೋಪಿ ಬಿಚ್ಚಿ, ಮರಿಯ ಕೈಗೆ ಕೊಟ್ಟರು.

"ಬರಿ."

"ಏನಂತ ಭಾವ?"

"ಆಗಿದ್ದನ್ನ."

ಮರಿ ಪುಸ್ತಕವನ್ನು ತೊಡೆಗೆ ಎಳೆದುಕೊಂಡ. ಖಾಲಿ ಜಾಗ ಚಿಕ್ಕದು, ಒಂದೇ ಸಾಲಿನದು. ಆ ಪಟ್ಟಿ ಅಂಟಿಸಿದ್ದು ನಾನು, ಅಕ್ಕ ಅಲ್ಲ ಎಂದು ಬರೆದು ಕೆಳಗೆ ರುಜು ಹಾಕಿದ. ಅಕ್ಷರ ಸೊಟ್ಟಗಾಯಿತು.

ಭಾವ ಕನ್ನಡಕ ಹಾಕಿಕೊಂಡು ಅದನ್ನು ಓದಿದರು. ಆಮೇಲೆ ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ತಿರುವಿದರು. ಮರುದಿನದ ತಾರೀಕು, ಅದೇ ನಾಲ್ಕು ಸಾಲು, ಮೂರನೆಯದು ಖಾಲಿ.

"ಇಲ್ಲೂ," ಎಂದರು.

ಮರಿ ಬರೆದ. ಹೊರಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಿದ್ದರು. ಭಾವ ಮತ್ತೆ ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುವಿದರು. ಪುಸ್ತಕದ ಎಡಬದಿಯಲ್ಲಿ ಎರಡೇ ಹಾಳೆ ಮಲಗಿದ್ದವು, ಉಳಿದ ಮೂರು ವರ್ಷದ್ದೆಲ್ಲ ಇನ್ನೂ ಬಲಬದಿಯಲ್ಲಿತ್ತು.